ಗೋಧಿಗೂ ಬಿಸಿಲು ಬಡೀತದೆ, ಸ್ವಾಮಿ!

ಗೋಧಿ ತುಟ್ಟಿಯಾದರೆ ಗಿರಾಕಿ ಅಂಗಡಿಕಾರನ ಮೇಲೆ ಹರಿಹಾಯುತ್ತಾನೆ. ಅಂಗಡಿಕಾರ ದಲಾಲಿಯತ್ತ ಕೈ ತೋರಿಸುತ್ತಾನೆ. ಬಿಸಿಲಿಗೆ ಮಾತ್ರ ಯಾರೂ ಬೈಯೋದಿಲ್ಲ.

2022ರ ಮಾರ್ಚ್ ನೆನಪಿದೆಯೆ? 1901ರಿಂದ ಇಟ್ಟ ಲೆಕ್ಕದಲ್ಲಿ ದೇಶ ಅಷ್ಟು ಬಿಸಿಯ ಮಾರ್ಚ್ ಕಂಡಿರಲಿಲ್ಲ. ಉತ್ತರದ ಹೊಲಗಳಲ್ಲಿ ಹಾಲುಗಾಳು ಗಟ್ಟಿಯಾಗುವ ಹೊತ್ತಿಗೇ ಝಳ ಬಡಿದು ಕಾಳು ಜೊಳ್ಳಾಯಿತು. ಯುಕ್ರೇನ್ ಯುದ್ಧದಿಂದ ಬೆಲೆಯೂ ಏರಿ ಮಾಲು ಖಾಸಗಿಯವರ ಪಾಲಾಯಿತು. ಹಿಂದಿನ ವರ್ಷ 433 ಲಕ್ಷ ಟನ್ ಖರೀದಿಸಿದ್ದ ಸರಕಾರಕ್ಕೆ ಸಿಕ್ಕಿದ್ದು 188 ಲಕ್ಷ ಟನ್. ಮೇ 13ರಂದು ರಫ್ತು ಬಂದ್!

ಇದಕ್ಕೆ ಮದ್ದಿಲ್ಲವೆ? ಇದೆ. ದೆಹಲಿಯ ಪೂಸಾ ಸಂಸ್ಥೆಯ ವಿಜ್ಞಾನಿಗಳು ಎಚ್‌ಡಿ 3385 ಎಂಬ ತಳಿ ರೂಪಿಸಿದ್ದಾರೆ. ಸಾಮಾನ್ಯ ಗೋಧಿಯನ್ನು ಬೇಗ ಬಿತ್ತಿದರೆ ಬೇಗ ತೆನೆ ಬಿಟ್ಟು ಇಳುವರಿ ಕೆಡುತ್ತದೆ. ಇದನ್ನು ಅಕ್ಟೋಬರ್ 20ರ ಸುಮಾರಿಗೇ ಬಿತ್ತಬಹುದು. ಸಾಕಷ್ಟು ಚಳಿ ತಾಕದೆ ತೆನೆ ಬಿಡದು, ಮಾರ್ಚಿನ ಝಳ ಬರುವಷ್ಟರಲ್ಲಿ ಕಾಳು ತುಂಬಿರುತ್ತದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸುಮ್ಮನೆ ಕೂತಿಲ್ಲ. ಬಿಸಿಲಿಗೆ ಅಷ್ಟಾಗಿ ಜಗ್ಗದ ಜವೆಗೋಧಿಯಲ್ಲಿ ಡಿಡಿಕೆ 1029ರಂಥ ಗಿಡ್ಡ ತಳಿ ಕೊಟ್ಟಿದೆ.

ಆದರೆ ಬೀಜ ಪ್ರಯೋಗದ ಹೊಲದಲ್ಲೇ ಉಳಿದರೆ ಯಾರ ತಟ್ಟೆಗೂ ಚಪಾತಿ ಬೀಳದು. ಒಂದು ತಳಿ ಸಿದ್ಧವಾಗಲು ವರ್ಷಗಟ್ಟಲೆ ಬೇಕು. ಬಿಸಿಲು ನಾಲ್ಕು ದಿನದಲ್ಲಿ ಕೆಲಸ ಮುಗಿಸುತ್ತದೆ. ಸಂಶೋಧನೆಗೆ ಕಾಸು ಬಿಚ್ಚುವಾಗ, ಬಿತ್ತನೆಗೆ ಮೊದಲು ರೈತನಿಗೆ ಬೀಜ ಮುಟ್ಟಿಸುವಾಗ ಸರಕಾರ ಮೀನಮೇಷ ಎಣಿಸಬಾರದು. ಕಾಳು ಜೊಳ್ಳಾದ ಮೇಲೆ ರಫ್ತಿಗೆ ಬೀಗ ಜಡಿಯೋದು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!