ಕೆರೆ ಕೆಡುವುದರಲ್ಲಿ ರಸ್ತೆಯ ಪಾಲೆಷ್ಟು?

ಬೆಂಗಳೂರಿನಲ್ಲಿ ಕೆರೆ ಕೆಟ್ಟಿತೆಂದರೆ ಮಾತು ಶುರುವಾಗುವುದೂ ಮುಗಿಯುವುದೂ ಕೊಳಚೆ ನೀರಿನಲ್ಲೇ. ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಬೇಕು, ಅದಕ್ಕೆ ಕೋಟಿಗಟ್ಟಲೆ ಹಣ ಬೇಕು. ಬೇಕು, ನಿಜ. ಆದರೆ ರಸ್ತೆ ತೊಳೆದುಕೊಂಡು ರಾಜಕಾಲುವೆಗೆ ಇಳಿಯುವ ಮಳೆನೀರಿನಲ್ಲಿ ಏನಿದೆ ಎಂದು ಕೇಳುವವರು ವಿರಳ. ಕಾಲೇಜು ಹುಡುಗರು ಕೇಳಿದರೆ ಅದು 'ಪ್ರಾಜೆಕ್ಟ್ ವರ್ಕ್'. ಅಂಕ ಬಿದ್ದ ಮೇಲೆ ಕಪಾಟು ಸೇರುತ್ತದೆ.

ಅಮೆರಿಕದ ಸಿಯಾಟಲ್ ಸುತ್ತಮುತ್ತ ಈ ಪ್ರಶ್ನೆಯನ್ನು ಕಪಾಟಿಗೆ ಸೇರಿಸಲಿಲ್ಲ. ಅಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ಹಳ್ಳಗಳಿಗೆ ಮರಳುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಿದ್ದ ಬೆನ್ನಿಗೇ ನೀರಿನ ಮೇಲಕ್ಕೆ ಬಂದು, ಬಾಯಿ ತೆರೆದು, ದಿಕ್ಕುತಪ್ಪಿ ಸುತ್ತಿ, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಸತ್ತ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆಗಳು ಹಾಗೇ ತುಂಬಿರುತ್ತಿದ್ದವು. ರೋಗವಲ್ಲ, ಕೀಟನಾಶಕವಲ್ಲ, ಆಮ್ಲಜನಕದ ಕೊರತೆಯೂ ಅಲ್ಲವೆಂದು ಖಚಿತವಾಗಲು ವರ್ಷಗಳೇ ಹಿಡಿದವು. ಸಂಶೋಧನಾ ವಿದ್ಯಾರ್ಥಿಗಳೂ ಇದ್ದ ವಿಶ್ವವಿದ್ಯಾಲಯದ ತಂಡ ಕೊನೆಗೆ ಟೈರಿನ ಪುಡಿ ನೆನೆಸಿದ ನೀರಿನಲ್ಲಿ ಮೀನು ಬಿಟ್ಟಿತು. ಮೀನು ಸತ್ತಿತು. ಆ ನೀರಿನಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಸೋಸುತ್ತ ಹೋಗಿ, 2020ರ ಡಿಸೆಂಬರ್‌ನಲ್ಲಿ ತಂಡ ಒಂದರ ಹೆಸರು ಹೇಳಿತು: 6ಪಿಪಿಡಿ-ಕ್ವಿನೋನ್. ಟೈರು ಬಿರುಕು ಬಿಡದಿರಲೆಂದು ಬೆರೆಸುವ 6ಪಿಪಿಡಿ, ಗಾಳಿಯ ಓಝೋನ್ ತಾಗಿ ಈ ವಿಷವಾಗುತ್ತದೆ.

6ಪಿಪಿಡಿ ಟೈರಿನ ಸುರಕ್ಷತೆಗೆ ಬೇಕೇಬೇಕು ಎಂಬುದು ಉದ್ಯಮದ ವಾದ. ಇರಬಹುದು. ಹಾಗಿದ್ದರೆ ಪರ್ಯಾಯ ಹುಡುಕುವ ಹೊಣೆಯೂ ಉದ್ಯಮದ್ದೇ. 2023ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ತಂದು ಆ ಹೊಣೆಯನ್ನು ಅವರ ಹೆಗಲಿಗೇ ಹೊರಿಸಿತು.

ನಮ್ಮ ಕೆರೆಗಳಲ್ಲಿ ಕೋಹೋ ಇಲ್ಲ, ಎಲ್ಲ ಮೀನಿಗೂ ಈ ವಿಷ ಒಂದೇ ಸಮ ತಟ್ಟುವುದಿಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ 6ಪಿಪಿಡಿ ಜಗತ್ತಿನ ಎಲ್ಲೆಡೆ ಟೈರಿಗೆ ಬೀಳುವ ವಸ್ತು. ಕೆರೆ ನೀರಿಗೆ 'ಎ'ಯಿಂದ 'ಇ'ವರೆಗೆ ದರ್ಜೆ ಕೊಡುವಾಗ ನೋಡುವುದು ಕರಗಿದ ಆಮ್ಲಜನಕ, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ಕೋಲಿಫಾರ್ಮ್‌ನಂಥವನ್ನು. ಟೈರಿನ ಪುಡಿ, ಬ್ರೇಕಿನಿಂದ ಉದುರುವ ತಾಮ್ರ ಆ ಲೆಕ್ಕಕ್ಕೇ ಬರುವುದಿಲ್ಲ. ಹುಡುಕದೇ ಇಲ್ಲವೆನ್ನುವುದು ವಿಜ್ಞಾನವಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಇಂಥ ರಸ್ತೆ ನೀರನ್ನು ಮರಳು, ಕಾಂಪೋಸ್ಟ್ ಬೆರೆಸಿದ ಮಣ್ಣಿನಲ್ಲಿ ಇಳಿಸಿದರೆ ಮೀನು ಬದುಕುತ್ತದೆಂದು ಅಲ್ಲಿನ ಸಂಶೋಧಕಿ ಜೆನಿಫರ್ ಮ್ಯಾಕಿಂಟೈರ್ ಮತ್ತು ಸಂಗಡಿಗರು 2015ರಲ್ಲೇ ತೋರಿಸಿದ್ದರು. ವಿಷದ ಹೆಸರು ತಿಳಿಯುವ ಮೊದಲೇ ಮದ್ದು ಸಿಕ್ಕಿತ್ತು, ಅದೂ ಮಣ್ಣಿನಲ್ಲಿ. ನಾವು ರಾಜಕಾಲುವೆಗಳ ತಳಕ್ಕೂ ಕಾಂಕ್ರೀಟು ಸುರಿಯುತ್ತಿದ್ದೇವೆ; ನೀರು ಮಣ್ಣು ಮುಟ್ಟದೆ ಕೆರೆ ಸೇರುತ್ತದೆ. ಈ ಕಾಮಗಾರಿ ನಿಲ್ಲಬೇಕು.

ಬರುವ ಮುಂಗಾರಿನ ಮೊದಲ ಮಳೆಗೆ ಕಾಲುವೆ ಕೆರೆ ಸೇರುವ ಕಡೆಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ವಿದ್ಯಾರ್ಥಿಗಳ ಕೈಗೆ ಬಾಟಲಿ ಕೊಡಲಿ, ತನ್ನ ಪ್ರಯೋಗಾಲಯದಲ್ಲಿ ಅವರಿಗೆ ಜಾಗ ಮಾಡಿಕೊಡಲಿ. ಬಂದ ಫಲಿತಾಂಶ ಏನೇ ಇರಲಿ, ಮಂಡಳಿಯ ಕಡತಕ್ಕೇ ಸೇರಿ ಊರಿಗೆಲ್ಲ ತಿಳಿಯಲಿ.