ಸ್ಕೂಲ್ ಡೇಗೆ ಹದಿನೈದು ದಿನ ಕುಣಿಸಿದರೆ ಸಾಲದು

ಡಿಸೆಂಬರ್ ಮುಗಿಯುತ್ತಿದ್ದಂತೆ ನಮ್ಮ ಕಡೆ ಡ್ಯಾನ್ಸ್ ಮಾಸ್ಟರ್‌ಗಳಿಗೆ ಸುಗ್ಗಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಹೋದರೂ ಇದೇ ಕಥೆ. ಬೈಕಿನ ಮುಂದೆ ಸ್ಪೀಕರ್ ಇಟ್ಟುಕೊಂಡು ಒಬ್ಬ ಹುಡುಗ ಬರುತ್ತಾನೆ. ಹದಿನೈದು ದಿನದಲ್ಲಿ ಎಂಟು ಸಿನಿಮಾ ಹಾಡಿಗೆ ಎಂಟು ಗುಂಪು ತಯಾರು ಮಾಡುತ್ತಾನೆ. ಡ್ರೆಸ್ಸು ದಾವಣಗೆರೆಯಿಂದ ಬಾಡಿಗೆಗೆ ಬರುತ್ತದೆ. ಸ್ಕೂಲ್ ಡೇ ಮರುದಿನ ಪೆಂಡಾಲ್ ಬಿಚ್ಚುತ್ತಾರೆ, ಅದರ ಜೊತೆ ಡ್ಯಾನ್ಸೂ ಮುಗಿಯಿತು. ಮುಂದಿನ ಡಿಸೆಂಬರ್‌ವರೆಗೆ ಮಕ್ಕಳು ಕೈಕಾಲು ಆಡಿಸುವುದು ಪಿ.ಟಿ. ಪೀರಿಯಡ್‌ನಲ್ಲಿ ಮಾತ್ರ. ಅದೂ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಬೇಕು ಅಂತ ಆ ಪೀರಿಯಡ್ ಕೇಳಿ ಇಸಕೊಳ್ಳದಿದ್ದರೆ.

ಆ ಡ್ಯಾನ್ಸ್ ಮಾಸ್ಟರ್ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಫೋನ್ ನೋಡಿಕೊಂಡು ಕಲಿತವನು, ವರ್ಷದಲ್ಲಿ ಎರಡು ತಿಂಗಳ ದುಡಿಮೆ ಅದು. ನಮ್ಮ ತಕರಾರು ಬೇರೆ. ಮಕ್ಕಳಿಗೆ ಕುಣಿತ ಅಂದರೆ ವರ್ಷಕ್ಕೊಂದು ರಾತ್ರಿ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕುವ ಐಟಂ ಅಂತ ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ. ಕನ್ನಡ, ಗಣಿತ ಕಲಿಸುವ ಹಾಗೆ ವಾರವಾರ ಕಲಿಸಬೇಕಾದ ವಿದ್ಯೆ ಅದು. ಕಲಿತದ್ದನ್ನು ಊರ ಮುಂದೆ ತೋರಿಸಲು ವೇದಿಕೆಯೂ ಬೇಕು.

ಬೆಂಗಳೂರಿನಲ್ಲಿ ಅನುಕೂಲಸ್ಥರು ಮಕ್ಕಳನ್ನು ಬ್ಯಾಲೆ ಕ್ಲಾಸಿಗೆ ಕಳಿಸುತ್ತಾರೆ. ಬ್ಯಾಲೆ ಅಂದರೆ ಕಾಲ್ಬೆರಳ ತುದಿಯ ಮೇಲೆ ನಿಲ್ಲುತ್ತಾರಲ್ಲ, ಆ ಯುರೋಪಿನ ಕುಣಿತ. ಇಟಲಿಯ ಅರಮನೆಗಳಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದದ್ದು. ಅಲ್ಲಿನ ರಾಜ ಹದಿನಾಲ್ಕನೇ ಲೂಯಿ ಸ್ವತಃ ಕುಣಿಯುತ್ತಿದ್ದ, 1661ರಲ್ಲಿ ನೃತ್ಯಕ್ಕಾಗಿಯೇ ಒಂದು ಅಕಾಡೆಮಿ ಮಾಡಿಸಿದ. ಹೆಸರು ದೊಡ್ಡದು, ಫೀಸೂ ದೊಡ್ಡದು. ಆದರೆ ಆ ಕ್ಲಾಸಿನಲ್ಲಿ ಮೊದಲು ಕಲಿಸುವುದೇನು ಗೊತ್ತಾ? ಪಾದ, ಮಂಡಿ ಎರಡನ್ನೂ ಹೊರಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಕೆಳಗೆ ಬಗ್ಗುವುದು. ನಮ್ಮ ಭರತನಾಟ್ಯದ ಅರಮಂಡಿಯೂ ಹೆಚ್ಚುಕಡಿಮೆ ಅದೇ. ಮಗುವಿಗೆ ಸಿಗುವ ಲಾಭವೂ ಹೆಚ್ಚುಕಡಿಮೆ ಒಂದೇ. ಬ್ಯಾಲೆ ಸಿಗಲಿಲ್ಲ ಅಂತ ನಮ್ಮ ಮಕ್ಕಳು ಅಳಬೇಕಾಗಿಲ್ಲ.

ಆ ಲಾಭ ಏನು ಅಂತ ಕೇಳುವವರಿಗೆ ತಟ್ಟಡವು ಉದಾಹರಣೆ ಕೊಡುತ್ತೇವೆ. ಭರತನಾಟ್ಯದಲ್ಲಿ ಮಗು ಮೊದಲು ಕಲಿಯುವ ಪಾಠ ಅದು. ಅರಮಂಡಿಯಲ್ಲಿ ನಿಂತು ಸೊಲ್ಲಿಗೆ ಸರಿಯಾಗಿ ಕಾಲು ತಟ್ಟಬೇಕು. ಮೊದಲು ನಿಧಾನಕ್ಕೆ, ಆಮೇಲೆ ಅದರ ಎರಡರಷ್ಟು ವೇಗ, ಆಮೇಲೆ ನಾಲ್ಕರಷ್ಟು. ತಾಳ ಮಾತ್ರ ಕದಲಬಾರದು. ಒಂದು ಎಣಿಕೆಯೊಳಗೆ ಒಂದು ಹೆಜ್ಜೆ, ಎರಡು ಹೆಜ್ಜೆ, ನಾಲ್ಕು ಹೆಜ್ಜೆ ಕೂರಿಸುವುದನ್ನು ಕಾಲಿನಲ್ಲಿ ಕಲಿತ ಮಗುವಿಗೆ ಅರ್ಧ, ಕಾಲು ಅಂದರೇನು ಅಂತ ಬೋರ್ಡಿನ ಮೇಲೆ ಬಹಳ ಹೊತ್ತು ಹೇಳಬೇಕಾಗುವುದಿಲ್ಲ. ಮುಂದೆ ಜಾತಿಗಳು ಬರುತ್ತವೆ: ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ಡೊಳ್ಳು ಬಾರಿಸುವ ನಮ್ಮ ಹಿರಿಯರಿಗೆ ಈ ಹೆಸರು ಗೊತ್ತಿಲ್ಲದೆ ಇರಬಹುದು, ಲೆಕ್ಕ ತಪ್ಪಿದವನ ಕಡೆ ಮಾತ್ರ ತಕ್ಷಣ ತಿರುಗಿ ನೋಡುತ್ತಾರೆ.

ಇನ್ನು ಮೈ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳ್ಳಿ ಮಕ್ಕಳು ಹೇಗೂ ಓಡಾಡುತ್ತಾರೆ ಬಿಡಿ ಅನ್ನುವುದು ಹಳೇ ಮಾತು. ಸಂಜೆ ಐದಕ್ಕೆ ನಮ್ಮ ಊರುಗಳ ಕಟ್ಟೆ ಮೇಲೆ ನೋಡಿ, ಒಂದು ಫೋನಿಗೆ ನಾಲ್ಕು ತಲೆ ಬಗ್ಗಿರುತ್ತವೆ. ಗಂಡು ಹುಡುಗರಿಗೆ ಕ್ರಿಕೆಟ್ಟಾದರೂ ಉಂಟು. ಹೆಣ್ಣುಮಕ್ಕಳಿಗೆ ಆಟದ ಮೈದಾನ ಯಾವ ಊರಲ್ಲಿದೆ ಹೇಳಿ?

ವೇದಿಕೆ ಹತ್ತುವುದು ಇನ್ನೊಂದು ವಿದ್ಯೆ. ಹತ್ತು ಜನ ಕೋಲಾಟ ಆಡುವಾಗ ಒಬ್ಬಳ ಕೋಲು ತಪ್ಪಿದರೆ ಪಕ್ಕದವಳ ಬೆರಳಿಗೆ ಏಟು. ಆದ್ದರಿಂದ ಎಲ್ಲರೂ ಎಲ್ಲರನ್ನೂ ಗಮನಿಸುತ್ತಲೇ ಇರಬೇಕು. ನಡುವೆ ತಪ್ಪಿದರೂ ನಿಲ್ಲದೆ ಮತ್ತೆ ತಾಳ ಹಿಡಿಯಬೇಕು. ಕ್ಲಾಸಲ್ಲಿ ಎದ್ದು ನಿಂತು ಹೆಸರು ಹೇಳಲೂ ತಡವರಿಸುವ ಹುಡುಗಿ ಐನೂರು ಜನರ ಮುಂದೆ ಏಳು ನಿಮಿಷ ತಲೆ ಎತ್ತಿ ಕುಣಿದು ಇಳಿಯುವುದನ್ನು ನಾವು ಪ್ರತಿಭಾ ಕಾರಂಜಿ ವರದಿಗೆ ಹೋದಾಗ ಎಷ್ಟೋ ಸಲ ನೋಡಿದ್ದೇವೆ. ಇಂಟರ್‌ವ್ಯೂ ರೂಮಿಗೆ ಹೋಗುವ ಧೈರ್ಯ ಅಲ್ಲಿಂದಲೇ ಶುರು.

ಹಾಗಿದ್ದರೂ ಯಾಕೆ ಕಲಿಸುತ್ತಿಲ್ಲ? ದೂರ ಒಂದು ಕಾರಣ. ಜಗಳೂರಿನ ಹಳ್ಳಿಯಿಂದ ಭರತನಾಟ್ಯ ಕಲಿಯಲು ದಾವಣಗೆರೆಗೆ ಹೋಗಬೇಕೆಂದರೆ ಒಂದು ಕಡೆಗೆ ಐವತ್ತು ಕಿಲೋಮೀಟರ್ ಆಸುಪಾಸು. ಸಂಜೆ ಕ್ಲಾಸು ಮುಗಿಸಿ ಕೊನೇ ಬಸ್ಸು ಹಿಡಿಯುವಷ್ಟರಲ್ಲಿ ಕತ್ತಲು. ನೃತ್ಯಕ್ಕೆ ಅಂತಲೇ ಮೇಷ್ಟ್ರು ಇರುವ ಸರ್ಕಾರಿ ಶಾಲೆ ಈ ನಾಲ್ಕು ತಾಲೂಕುಗಳ ನಮ್ಮ ಓಡಾಟದಲ್ಲಿ ಒಂದೂ ಸಿಕ್ಕಿಲ್ಲ.

ದೂರಕ್ಕಿಂತ ದೊಡ್ಡ ಕಾರಣ ಇನ್ನೊಂದು, ಯಾರೂ ಮೈಕಿನಲ್ಲಿ ಹೇಳದ್ದು. ಕಾರಂಜಿಯಲ್ಲಿ ತಾಲೂಕು ಮಟ್ಟಕ್ಕೆ ಬಂದಿದ್ದ ಹುಡುಗಿಯೊಬ್ಬಳು ಮರುವರ್ಷ ಗುಂಪಿನಲ್ಲಿ ಇರಲಿಲ್ಲ. ಅವರಪ್ಪನನ್ನು ಕೇಳಿದೆವು. "ದೊಡ್ಡಾಕಿ ಆಗ್ಯಾಳ ಸಾರ್. ಇನ್ನ ಮ್ಯಾಲೆ ಕುಣ್ಸಿದ್ರ ನಾಳೆ ಗಂಡಿನ ಕಡ್ಯಾರು ಏನಂತಾರ?" ಅಂದರು. ಕೆಟ್ಟ ಮನುಷ್ಯ ಅಲ್ಲ. ಮಗಳ ಕಪ್ಪನ್ನು ಟಿ.ವಿ. ಮೇಲೆ ಇಟ್ಟಿದ್ದಾರೆ. ನಾವು ಕೂತಿದ್ದಷ್ಟು ಹೊತ್ತೂ ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ.

ಅವರ ಹೆದರಿಕೆಗೆ ಬೇರು ಇದೆ. ನಮ್ಮ ಸೀಮೆಯಲ್ಲಿ ಹೆಣ್ಣು ಕುಣಿಯುವುದು ಅಂದ ಕೂಡಲೇ ದೇವದಾಸಿ ಪದ್ಧತಿಯ ನೆನಪು ಬರುತ್ತದೆ. ಮುತ್ತು ಕಟ್ಟುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು, ಒಳ್ಳೆಯದೇ ಆಯಿತು. ಆದರೆ ತಪ್ಪು ಪದ್ಧತಿಯದ್ದು, ಕುಣಿತದ್ದಲ್ಲ. ಇವತ್ತು ಪಟ್ಟಣದ ದೊಡ್ಡ ಮನೆತನದವರು ಲಕ್ಷಗಟ್ಟಲೆ ಸುರಿದು ಮಗಳ ರಂಗಪ್ರವೇಶ ಮಾಡಿಸುವ ಭರತನಾಟ್ಯ ಇದೆಯಲ್ಲ, ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ಮತ್ತು ಅವರ ನಟ್ಟುವನಾರರು. ಅವರಿಗೆ ಸಿಕ್ಕಿದ್ದು ಬೈಗುಳ, ಕಲೆಗೆ ಸಿಕ್ಕಿದ್ದು ಬಹುಮಾನ.

ಇಲ್ಲಿ ಬ್ಯಾಲೆ ಕಥೆ ಮತ್ತೆ ಬರುತ್ತದೆ. ತಮಿಳುನಾಡಿನ ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಕಲಿಯಲು ಹೊರಟದ್ದು ಬ್ಯಾಲೆಯನ್ನೇ. ರಷ್ಯಾದ ಜಗತ್ಪ್ರಸಿದ್ಧ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಅವರ ಸ್ನೇಹ ಸಿಕ್ಕಿತ್ತು. ನಿಮ್ಮ ನೆಲದ ನೃತ್ಯವನ್ನು ಹುಡುಕಿಕೊಳ್ಳಿ ಅಂತ ಪ್ರೋತ್ಸಾಹ ಕೊಟ್ಟವರು ಆ ಪಾವ್ಲೋವಾ. ರುಕ್ಮಿಣಿ ದೇವಿ ಭರತನಾಟ್ಯ ಕಲಿತು 1935ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ವೇದಿಕೆ ಹತ್ತಿದರು. ಬ್ರಾಹ್ಮಣರ ಮನೆಯ ಹೆಂಗಸು ಹೀಗೆ ಕುಣಿಯುವುದೇ ಅಂತ ಆಗ ಗದ್ದಲ. 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು. ಗಂಡಿನ ಕಡೆಯವರು ಏನಂತಾರೆ ಅನ್ನುವ ಪ್ರಶ್ನೆ ಅಲ್ಲೂ ಇತ್ತು ಅನ್ನುವುದಕ್ಕೆ ಇದನ್ನು ಹೇಳಿದೆವು.

ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರನ್ನೇ ನೋಡಿ. ಚಿಕ್ಕಂದಿನಿಂದಲೇ ಕಂಪನಿ ನಾಟಕದ ರಂಗದ ಮೇಲೆ ಬೆಳೆದವರು, ಮುಂದೆ ಪದ್ಮಶ್ರೀ ಪಡೆದರು. ಮಂಜಮ್ಮ ಜೋಗತಿ ಅವರ ಕಥೆ ಇನ್ನೂ ಹತ್ತಿರದ್ದು. ಮನೆಯಿಂದ ಹೊರಬಿದ್ದು ದಿಕ್ಕು ತೋಚದೆ ಇದ್ದಾಗ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ತಂದೆ-ಮಗ ಇಬ್ಬರು ಕುಣಿಯುವುದನ್ನು ಕಂಡು, ಅವರಿಂದಲೇ ಜೋಗತಿ ನೃತ್ಯ ಕಲಿತರು. ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ದಿನಾ ಬಸ್ಸಿಗೆ ಕಾಯುವ ಊರಿನ ಬಸ್ ಸ್ಟ್ಯಾಂಡ್ ಅದು.

ಗಂಡು ಹುಡುಗರ ಮಾತೂ ಆಡಬೇಕು. ಡೊಳ್ಳು, ವೀರಗಾಸೆ ಬಿಟ್ಟು ಬೇರೇನಾದರೂ ಕುಣಿದರೆ ಗೆಳೆಯರೇ ಅಡ್ಡಹೆಸರು ಇಡುತ್ತಾರೆ. ಅಂಥವರು ಫೋನಿನಲ್ಲಿ 'ಯೇ ಬ್ಯಾಲೆ' ಅನ್ನುವ 2020ರ ಹಿಂದಿ ಸಿನಿಮಾ ನೋಡಲಿ. ಮುಂಬೈನ ಇಬ್ಬರು ಬಡ ಹುಡುಗರ ನಿಜಜೀವನದಿಂದ ತೆಗೆದ ಕಥೆ. ಒಬ್ಬ ವೆಲ್ಡರ್ ಮಗ ಅಮೀರುದ್ದೀನ್ ಶಾ, ಇನ್ನೊಬ್ಬ ಟ್ಯಾಕ್ಸಿ ಡ್ರೈವರ್ ಮಗ ಮನೀಶ್ ಚೌಹಾಣ್. ಇಸ್ರೇಲಿನಿಂದ ಬಂದ ಯೆಹುದಾ ಮಾವೋರ್ ಅನ್ನುವ ವಯಸ್ಸಾದ ಮೇಷ್ಟ್ರು ಇಬ್ಬರಿಗೂ ಬ್ಯಾಲೆ ಕಲಿಸಿದರು. ಅಮೀರುದ್ದೀನ್ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೆ ಹೋದ. ಎಲ್ಲರೂ ಲಂಡನ್ನಿಗೆ ಹೋಗಲಿ ಅಂತ ನಾವು ಹೇಳುತ್ತಿಲ್ಲ. ಅವನಿಗೆ ಹತ್ತಿರದಲ್ಲಿ ಒಬ್ಬ ಮೇಷ್ಟ್ರು ಇದ್ದರು, ವಿಷಯ ಇಷ್ಟೇ.

ನಮ್ಮಲ್ಲಿ ಮೇಷ್ಟ್ರು ಇಲ್ಲವೇ? ಇದ್ದಾರೆ, ಆದರೆ ನಾವು ಅವರನ್ನು ಮೇಷ್ಟ್ರು ಅನ್ನುವುದಿಲ್ಲ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರವರಿಯ ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆಗ ಕಾಲಿಗೆ ಗೆಜ್ಜೆ, ಮೈತುಂಬಾ ಕನ್ನಡಿ ಬಟ್ಟೆ ತೊಟ್ಟ ತಾಂಡಾದ ಹೆಂಗಸರು ಸುತ್ತುಗಟ್ಟಿ ಕುಣಿಯುವುದನ್ನು ನೋಡಬೇಕು. ಅರವತ್ತು ದಾಟಿದ ಅಜ್ಜಿಯ ಹೆಜ್ಜೆಯೂ ತಪ್ಪುವುದಿಲ್ಲ. ಅದೇ ತಾಂಡಾದ ಶಾಲೆಯಲ್ಲಿ ಲಂಬಾಣಿ ನೃತ್ಯ ಕಲಿಸಲು ಹೊರಗಿನ ಡ್ಯಾನ್ಸ್ ಮಾಸ್ಟರ್‌ಗೆ ದುಡ್ಡು ಕೊಡುವುದನ್ನೂ ನಾವು ನೋಡಿದ್ದೇವೆ. ನಗು ಬರುತ್ತದೆ, ಆಮೇಲೆ ಬೇಜಾರಾಗುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆ ವೀರಗಾಸೆ, ಡೊಳ್ಳಿನವರು, ಜಗಳೂರು ಕಡೆ ಕೋಲಾಟದ ಮೇಳದವರು, ಬಯಲಾಟದ ಹೆಜ್ಜೆ ಬಲ್ಲ ಹಿರಿಯರು. ಇವರನ್ನು ಮೆರವಣಿಗೆಗೆ ಕರೆದು ಊಟ ಹಾಕಿ ಕಳಿಸುತ್ತೇವೆ. ಶಾಲೆಯೊಳಗೆ ಕರೆದು ಕುರ್ಚಿ ಹಾಕಿ ಕೂರಿಸಿದ್ದು ಕಡಿಮೆ.

ಸರ್ಕಾರದ ಕಾಗದದಲ್ಲಿ ಜಾಗ ಇಲ್ಲ ಅನ್ನುವ ಹಾಗೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಸಂಗೀತ, ನೃತ್ಯ, ನಾಟಕ, ಚಿತ್ರಕಲೆ ಕಲಿಸಬೇಕು ಅಂದಿದೆ. ಒಂದರಿಂದ ಮೂರನೇ ತರಗತಿವರೆಗಿನ ನಲಿಕಲಿಯಲ್ಲಿ ಮಕ್ಕಳು ಹಾಡಿಕೊಂಡು, ಕುಣಿದುಕೊಂಡೇ ಅಕ್ಷರ ಕಲಿಯುತ್ತಾರೆ. ಅದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಬಂದದ್ದು, ನಮ್ಮದೇ ಕೂಸು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಮಕ್ಕಳು ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಯಾಕೆ, ಒಂಬತ್ತು ವರ್ಷಕ್ಕೆ ಕಾಲು ಬೇಡವಾಗುತ್ತದಾ?

ತಿಂಗಳಿಗೊಂದು ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಬರುತ್ತದೆ. ಅಲ್ಲಿಂದ ಶುರು ಮಾಡಬಹುದು. ಆಮೇಲೆ ವಾರಕ್ಕೊಂದು ಸಂಜೆ ಶಾಲೆಯ ಅಂಗಳದಲ್ಲೋ, ಪಂಚಾಯ್ತಿ ಲೈಬ್ರರಿ ಅಂದರೆ ಅರಿವು ಕೇಂದ್ರದ ಮುಂದೋ ಒಂದು ಗಂಟೆ. ಊರಿನ ಕಲಾವಿದರೇ ಕಲಿಸಲಿ, ಅವರಿಗೆ ಗೌರವಧನ ಕೊಡಿ, ಶಾಲು ಸಾಕಾಗುವುದಿಲ್ಲ. ಕಲಿತದ್ದನ್ನು ಮೂರು ತಿಂಗಳಿಗೊಮ್ಮೆ ಅಪ್ಪ-ಅಮ್ಮಂದಿರ ಮುಂದೆ, ಬಾಡಿಗೆ ಡ್ರೆಸ್ ಇಲ್ಲದೆ, ಸ್ಕೂಲ್ ಯೂನಿಫಾರ್ಮಿನಲ್ಲೇ ಕುಣಿದು ತೋರಿಸಲಿ. ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ಕಮಿಟಿಯವರು ಅದೇ ಸ್ಟೇಜಿನಲ್ಲಿ ಆರ್ಕೆಸ್ಟ್ರಾಕ್ಕೆ ಮುಂಚೆ ಅರ್ಧ ಗಂಟೆ ಮಕ್ಕಳಿಗೆ ಬಿಟ್ಟುಕೊಡಲಿ. ದುಡ್ಡೇನೂ ಹೆಚ್ಚು ಬೀಳುವುದಿಲ್ಲ.

ಒಂದು ಎಚ್ಚರಿಕೆ. ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ದಿನಾ ಜೋರಾಗಿ ಕಾಲು ತಟ್ಟಿಸಬೇಡಿ, ಮಂಡಿ, ಹಿಮ್ಮಡಿ ನೋಯುತ್ತವೆ. ಬ್ಯಾಲೆ ಕಲಿಸುವವರು ಒತ್ತಿದರೆ ಸ್ವಲ್ಪ ಚಿಮ್ಮುವಂಥ ಮರದ ನೆಲ ಹಾಕಿಸುತ್ತಾರೆ, ಕಾಲಿನ ಮೂಳೆ ಬಲಿಯುವ ಮೊದಲು ಮಕ್ಕಳನ್ನು ಬೆರಳ ತುದಿಯ ಮೇಲೆ ನಿಲ್ಲಿಸುವುದಿಲ್ಲ. ನಮಗೆ ನೀರು ಚಿಮುಕಿಸಿದ ಮಣ್ಣಿನ ಅಂಗಳ ಸಾಕು. ನೋವು ಅಂದ ಮಗುವನ್ನು ಕೂರಿಸಿ.

ನವೆಂಬರ್, ಡಿಸೆಂಬರ್ ಹೊತ್ತಿಗೆ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕುಡಿಯುವ ನೀರು, ಶೌಚಾಲಯ, ಬಸ್ಸು ಅಂತ ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಈ ಸಲ ಅದರ ಜೊತೆ, ನಮ್ಮೂರಿನ ಡೊಳ್ಳಿನ ಅಜ್ಜನನ್ನು ವಾರಕ್ಕೊಂದು ದಿನ ಶಾಲೆಗೆ ಕಳಿಸಿ ಅಂತಲೂ ಕೇಳಲಿ. ಪಿ.ಡಿ.ಒ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರೋ ಇಲ್ಲವೋ ಅಂತ ನೋಡಿ, ಆ ಪುಟದ ಫೋಟೋ ನಮಗೆ ಕಳಿಸಿ.