ಸ್ಕ್ಯಾನ್ ನೋಡುವ ಡಾಕ್ಟರು ಎಲ್ಲಿ ಕೂತರೇನು?

ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು, ಜಿಲ್ಲಾಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡುವುದು, ಅದನ್ನು ಇನ್ನೆಲ್ಲೋ ಕೂತ ರೇಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ನೋಡಿ ರಿಪೋರ್ಟು ಬರೆಯುವುದು. ಈ ಟೆಲಿರೇಡಿಯಾಲಜಿ ನಮಗೆ ಬೇಡ ಅನ್ನುವವರು ನಮ್ಮ ಚಿಕ್ಕಬಳ್ಳಾಪುರದ ಕಡೆ ಕಡಿಮೆಯೇನಿಲ್ಲ. ಮೇಲೂರಿನ ಹೋಟೆಲ್ ಬೆಂಚಿನಲ್ಲೂ ಕೇಳಿದ್ದೇನೆ, ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲೂ ಕೇಳಿದ್ದೇನೆ. ಹಾಗೆ ಹೇಳುವವರು ಊರಿನ ಹಿತ ಬಯಸುವವರೇ. ಆದ್ದರಿಂದಲೇ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕು.

“ರೋಗಿಯ ಮುಖವನ್ನೇ ನೋಡದವರು ರೋಗ ಏನು ಅಂತ ಹೇಗೆ ಹೇಳ್ತಾರೆ?” ಮೊದಲ ಆಕ್ಷೇಪ ಇದು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದವರು ನೆನಪು ಮಾಡಿಕೊಳ್ಳಲಿ, ರಿಪೋರ್ಟಿಗೆ ಸಹಿ ಹಾಕಿದ ರೇಡಿಯಾಲಜಿಸ್ಟ್ ಅವರನ್ನು ಕಂಡು ಮಾತಾಡಿಸಿದ್ದರೇ? ಸಿಟಿ, ಎಂಆರ್‌ಐ ಓದುವವರು ಅಲ್ಲಿಯೂ ಕತ್ತಲು ಕೋಣೆಯಲ್ಲಿ ಪರದೆಯ ಮುಂದೆಯೇ ಕೂತಿರುತ್ತಾರೆ. ರೋಗಿಯನ್ನು ಮುಟ್ಟಿ ನೋಡುವವರು ಡ್ಯೂಟಿ ಡಾಕ್ಟರು. ಅವರು ಚೀಟಿಯಲ್ಲಿ ಬರೀ ‘ಕೆಮ್ಮು’ ಎಂದು ಗೀಚಿ ಕಳಿಸಿದರೆ ಓದುವವರಿಗೆ ಅರ್ಧ ಕಣ್ಣು ಕಟ್ಟಿದಂತೆ. ವಯಸ್ಸು, ಎಷ್ಟು ದಿನದಿಂದ ಕೆಮ್ಮು, ಜ್ವರ ಇದೆಯೇ, ತೂಕ ಇಳಿದಿದೆಯೇ, ಏನು ಕೆಲಸ ಎಂದು ಬರೆದರೆ ಆ ಕೊರತೆ ತೀರುತ್ತದೆ. ಇದು ನಮ್ಮ ಕಡೆಯ ತಪ್ಪು, ನಾವೇ ತಿದ್ದಿಕೊಳ್ಳಬಹುದಾದದ್ದು. ಅಲ್ಟ್ರಾಸೌಂಡ್ ಮಾತ್ರ ಬೇರೆ. ಅಲ್ಲಿ ಯಂತ್ರ ಹಿಡಿದ ಕೈಯೇ ಕಣ್ಣು. ಬಸುರಿಯರ ಸ್ಕ್ಯಾನಿಂಗಿಗಂತೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕಟ್ಟುಪಾಡಿದೆ, ಅರ್ಹ ವೈದ್ಯರು ಸ್ಥಳದಲ್ಲೇ ಇರಬೇಕು. ಅದನ್ನು ಈ ವಾದಕ್ಕೆ ಎಳೆದು ತರಬೇಡಿ.

“ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಹೇಳೋದೂ ಒಂದು ವೈದ್ಯವೇ?” ಅಲ್ಲ. ಇದರಲ್ಲಿ ನಾನು ನಿಮ್ಮ ಪಕ್ಷ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ನಡುವೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಅಂಚಿನಲ್ಲಿ ಹೆಬ್ಬೆರಳು, ಎಡ ಬಲ ಯಾವುದೆಂದು ಗೊತ್ತಾಗದಂತೆ ತಿರುಗಿದ ಪಕ್ಕೆಲುಬು. ಅದನ್ನು ನೋಡಿ ಹೇಳಿದ್ದನ್ನು ನಂಬುವುದು ಅಪಾಯ. ಆದರೆ ಟೆಲಿರೇಡಿಯಾಲಜಿಯಲ್ಲಿ ಹೋಗುವುದು ಫೋಟೋ ಅಲ್ಲ, ಯಂತ್ರ ಹಿಡಿದ ಮೂಲ ಮಾಹಿತಿ. 1993ರಲ್ಲಿ ರೂಪುಗೊಂಡ ಡೈಕಾಮ್ ಎಂಬ ಪದ್ಧತಿಯಲ್ಲಿ ಅದು ರೋಗಿಯ ಹೆಸರು, ತಾರೀಖಿನ ಸಮೇತ ಹೋಗುತ್ತದೆ. ಸಿಟಿಯ ಒಂದು ಪದರವೆಂದರೆ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿ. ಪ್ರತಿ ಚುಕ್ಕಿಯೂ ಸಾವಿರಾರು ಬೂದು ಛಾಯೆಗಳಲ್ಲಿ ಒಂದು. ನಮ್ಮ ಕಣ್ಣು ಅಷ್ಟನ್ನೂ ಒಟ್ಟಿಗೆ ಹಿಡಿಯಲಾರದು. ಹಾಗಾಗಿ ಓದುವವರು ಛಾಯೆಯನ್ನು ಬೇಕಾದಂತೆ ಬದಲಿಸಿಕೊಂಡು ನೋಡುತ್ತಾರೆ. ಅದೇ ಪದರದಲ್ಲಿ ಒಮ್ಮೆ ಶ್ವಾಸಕೋಶ ಕಾಣುತ್ತದೆ, ಒಮ್ಮೆ ರಕ್ತನಾಳ, ಇನ್ನೊಮ್ಮೆ ಮೂಳೆಯ ಕೂದಲೆಳೆಯಷ್ಟು ಬಿರುಕು. ಕೈಯಲ್ಲಿ ಹಿಡಿದ ಫಿಲ್ಮಿನಲ್ಲಿ ಇದು ಸಾಧ್ಯವೇ ಇಲ್ಲ. ಇಂಥ 300 ಪದರ ಸೇರಿದರೆ ಸುಮಾರು 150 ಎಂಬಿ. ಒಳ್ಳೆಯ ಫೈಬರ್ ಲೈನಿದ್ದರೆ ಕೆಲವೇ ನಿಮಿಷದ ಕೆಲಸ. ಕರೆಂಟು ಕೈಕೊಡುತ್ತದೆ ಎಂಬ ಮಾತು ನಿಜ, ಯುಪಿಎಸ್ ಇಲ್ಲದ ಕಡೆ ಈ ಏರ್ಪಾಡು ನಡೆಯುವುದಿಲ್ಲ.

“ಇದೆಲ್ಲ ಹೊಸ ಶೋಕಿ” ಎನ್ನುವುದು ಇನ್ನೊಂದು ಮಾತು. 1950ರ ಹೊತ್ತಿಗೇ ಅಮೆರಿಕದ ಫಿಲಡೆಲ್ಫಿಯಾಕ್ಕೆ 28 ಮೈಲಿ ಆಚೆಯಿಂದ ಟೆಲಿಫೋನ್ ತಂತಿಯಲ್ಲಿ ಎಕ್ಸ್‌ರೇ ಚಿತ್ರ ಕಳಿಸಿದ್ದರು. ನಮ್ಮ ರಾಜ್ಯದಲ್ಲೇ 2002ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಇಸ್ರೋ ಉಪಗ್ರಹದ ಮೂಲಕ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಅದೇ ವರ್ಷ ಡಾ. ಅರ್ಜುನ್ ಕಲ್ಯಾಣಪುರ್ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಶುರು ಮಾಡಿದರು. ಅಮೆರಿಕದಲ್ಲಿ ನಡುರಾತ್ರಿ ಅಪಘಾತವಾಗಿ ಬಂದವರ ಸ್ಕ್ಯಾನನ್ನು ಇಲ್ಲಿ ಹಗಲು ಹೊತ್ತಿನಲ್ಲಿ ಓದಿ ಕಳಿಸತೊಡಗಿದರು. ಓದುವವರು ಅಲ್ಲಿನ ಅರ್ಹತೆ, ಪರವಾನಗಿ ಪಡೆದ ವೈದ್ಯರೇ ಆಗಿರಬೇಕಿತ್ತು. ಬೆಳಗಾದ ಮೇಲೆ ಅಲ್ಲಿಯವರು ಮತ್ತೊಮ್ಮೆ ನೋಡುತ್ತಿದ್ದರು. ಸಮುದ್ರ ದಾಟಿ ಬಂದ ತಲೆಯ ಸ್ಕ್ಯಾನನ್ನು ಬೆಂಗಳೂರಿನ ಕಣ್ಣು ಇಷ್ಟು ವರ್ಷದಿಂದ ಓದುತ್ತಿರುವಾಗ, ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿರುವ ಮೇಲೂರಿನವರ ತಲೆಯನ್ನು ಯಾಕೆ ಓದಬಾರದು?

“ಅಂಥಾ ಆತುರವೇನು? ನಾಳೆ ಬೆಂಗಳೂರಿಗೇ ಹೋದರಾಯಿತು” ಅನ್ನುವವರ ಮಾತೇ ನನಗೆ ಹೆಚ್ಚು ನೋವು ಕೊಡುವುದು. ಲಕ್ವ ಹೊಡೆದವರ ಬಾಯಿ ಸೊಟ್ಟಗಾಗುತ್ತದೆ, ಕೈ ಬೀಳುತ್ತದೆ, ಮಾತು ತೊದಲುತ್ತದೆ. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ, ನಾಳ ಒಡೆದು ರಕ್ತ ಸೋರಿದರೂ ಹೀಗೇ. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎರಡನೆಯದಕ್ಕೆ ಅದೇ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಸಂಚಕಾರ. ಹೊರಗಿನಿಂದ ನೋಡಿ ಯಾವುದೆಂದು ಹೇಳಲು ಎಂಥ ಅನುಭವಿಗೂ ಆಗದು. ಸಿಟಿಯಲ್ಲಿ ಸೋರಿದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಆ ಚಿತ್ರ ನೋಡಿ ‘ರಕ್ತಸ್ರಾವ ಇಲ್ಲ’ ಎಂದು ಒಬ್ಬರು ಹೊಣೆ ಹೊತ್ತು ಹೇಳಿದರೆ ಡ್ಯೂಟಿ ಡಾಕ್ಟರಿಗೆ ಇಂಜೆಕ್ಷನ್ ಕೊಡುವ ಧೈರ್ಯ ಬರುತ್ತದೆ. ಗುರುತಿಸುವುದರಲ್ಲಿ ಒಂದು ಗಂಟೆ, ಗಾಡಿ ಹುಡುಕುವುದರಲ್ಲಿ ಒಂದು ಗಂಟೆ ಹೋಗಿರುತ್ತದೆ. ಮಿಕ್ಕದ್ದನ್ನು ದೇವನಹಳ್ಳಿ ದಾರಿಯಲ್ಲಿ ಕಳೆಯಬೇಕೇ? ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರೇ ನೋಡುತ್ತಾರೆ. ಹೃದಯಕ್ಕೆ ಒಪ್ಪಿದ ಏರ್ಪಾಡು ಮೆದುಳಿಗೆ ಏಕೆ ಬೇಡವಾಗುತ್ತದೆ?

“ಇನ್ನು ಡಾಕ್ಟರೂ ಇರಲ್ಲ, ಕೃತಕ ಬುದ್ಧಿಮತ್ತೆಯೇ ರಿಪೋರ್ಟು ಬರೆಯುತ್ತೆ” ಎಂಬ ಭಯವಿದೆ. ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನೇ ನಿಲ್ಲಿಸಿ ಎಂದು ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಅದಾಗಿ ಇಷ್ಟು ವರ್ಷ ಕಳೆದರೂ ರೇಡಿಯಾಲಜಿಸ್ಟರಿಗೆ ಬೇಡಿಕೆ ತಗ್ಗಲಿಲ್ಲ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಹೆಂಗಸರ ಸ್ತನ ತಪಾಸಣೆಯಲ್ಲಿ ಯಂತ್ರದ ನೆರವು ಪಡೆದಾಗ ವೈದ್ಯರ ಓದುವ ಹೊರೆ 44% ಇಳಿಯಿತು, ಪತ್ತೆಯಾದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಅಲ್ಲಿಯೂ ಕೊನೆಯ ಮಾತು ವೈದ್ಯರದೇ. ನಮಗೆ ಇದು ಬೇಕಿರುವುದು ಕ್ಷಯದ ವಿಷಯದಲ್ಲಿ. ರೇಷ್ಮೆ ಬಿಚ್ಚಾಣಿಕೆ ಮನೆಯ ಬಿಸಿ ಹಬೆಯಲ್ಲಿ ದಿನವಿಡೀ ನಿಲ್ಲುವವರಿಗೆ ಕೆಮ್ಮು, ಉಬ್ಬಸ ಮಾಮೂಲು, ಅದರ ಮರೆಯಲ್ಲಿ ಕ್ಷಯ ಕೂತರೆ ಯಾರಿಗೂ ಅನುಮಾನ ಬರುವುದಿಲ್ಲ. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದಿದ್ದರೆ 42.6% ರೋಗಿಗಳು ಕೈತಪ್ಪುತ್ತಿದ್ದರು. ಎದೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ಜರಡಿ ಹಿಡಿಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಶಿಫಾರಸು ಮಾಡಿದೆ. ಜರಡಿಯಲ್ಲಿ ನಿಂತವರಿಗೆ ಕಫ ಪರೀಕ್ಷೆ ಆಗಲೇಬೇಕು. ವಾಸಿಯಾದ ಹಳೆಯ ಕ್ಷಯದ ಕಲೆಯನ್ನೂ ಯಂತ್ರ ರೋಗವೆಂದು ತೋರಿಸಬಹುದು.

ರೋಗಿಯ ಗುಟ್ಟು ಬಯಲಾದೀತು ಎಂದು ಅಂಜುವವರೂ ಇದ್ದಾರೆ, ಅದಕ್ಕೆ 2023ರ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಅದು ಬಿಗಿಯಾಗಿ ಜಾರಿಯಾಗಲಿ ಎಂದು ಕೇಳುವುದು ನ್ಯಾಯ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು: “ಸರ್ಕಾರಕ್ಕೆ ಇದೊಂದು ನೆಪ. ರೇಡಿಯಾಲಜಿಸ್ಟ್ ಹುದ್ದೆ ಖಾಲಿ ಬಿಟ್ಟು, ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.” ಈ ಅನುಮಾನಕ್ಕೆ ಆಧಾರವಿದೆ. ತೀರಾ ಕಡಿಮೆ ದರಕ್ಕೆ ಗುತ್ತಿಗೆ ಹಿಡಿದವರು ಒಬ್ಬರ ಕೈಯಲ್ಲೇ ರಾಶಿ ರಾಶಿ ಚಿತ್ರ ಓದಿಸಿದರೆ ತಪ್ಪಾಗದೆ ಇರದು. ಆದ್ದರಿಂದ ರಿಪೋರ್ಟಿನ ಮೇಲೆ ಓದಿದವರ ಹೆಸರು, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ, ಡ್ಯೂಟಿ ಡಾಕ್ಟರು ತಿರುಗಿ ಕರೆಯಬಹುದಾದ ಫೋನ್ ನಂಬರು ಇರಲೇಬೇಕು. ತುರ್ತು ಸ್ಕ್ಯಾನಿಗೆ ಎಷ್ಟು ನಿಮಿಷದೊಳಗೆ ಉತ್ತರ ಎಂಬುದು ಕರಾರಿನಲ್ಲೇ ಇರಬೇಕು. ಓದಿದ್ದರಲ್ಲಿ ಒಂದು ಪಾಲನ್ನು ಬೇರೆಯವರು ಮತ್ತೆ ಪರಿಶೀಲಿಸಬೇಕು. ಜಿಲ್ಲಾಸ್ಪತ್ರೆಗೆ ಕಾಯಂ ರೇಡಿಯಾಲಜಿಸ್ಟರೂ ಬೇಕು, ಅಲ್ಟ್ರಾಸೌಂಡಿಗೆ ಬೇರೆ ದಾರಿಯೇ ಇಲ್ಲ. ಹುದ್ದೆ ತುಂಬಿ ಎಂದು ನೀವು ಬರೆಯುವ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಆದರೆ ಹುದ್ದೆ ತುಂಬುವ ತನಕ, ಈ ರಾತ್ರಿ ಎರಡು ಗಂಟೆಗೆ ಬಾಯಿ ಸೊಟ್ಟಗಾಗಿ ಬಂದವರ ಸ್ಕ್ಯಾನನ್ನು ಯಾರು ಓದಬೇಕು ಎಂಬುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.